ನಂದಿಸದ ಕರ್ಪೂರ

ಸೇಲಂನ ನಮ್ಮ ಬೀದಿಯಲ್ಲಿ ಯಾರಾದರೂ ಕರ್ಪೂರ ಹಚ್ಚಿದರೆ ಸಾಕು, ಇವತ್ತಿಗೂ ನನ್ನ ಬಲ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ. ಹುಡುಕಬೇಡಿ, ಸುಟ್ಟ ಕಲೆಯೇನೂ ಇಲ್ಲ.

ನಾನು ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುತ್ತೇನೆ. ಮದುವೆ ಮನೆಗೆ ಒದಗುವಂಥದ್ದಲ್ಲ. ನಕ್ಷತ್ರಗಳ ನಡುವೆ ಕೆಟ್ಟು ನಿಂತ ನೌಕೆ, ಅದರೊಳಗೆ ಉಸಿರಾಡುವ ಏನೋ ಒಂದು. ಇಂಥ ಸಿನಿಮಾ ನನ್ನ ತಲೆಯಲ್ಲಿ ಓಡುತ್ತಿರುತ್ತದೆ, ಅದಕ್ಕೆ ಸದ್ದು ಕೂಡಿಸುತ್ತೇನೆ. ನೌಕೆಯ ಎಂಜಿನ್ ಯಾವುದೆಂದು ಹೇಳಿದರೆ ನೀವು ನಗುತ್ತೀರಿ: ನಮ್ಮ ಮನೆಯ ಇಡ್ಲಿ ಹಿಟ್ಟಿನ ಗ್ರೈಂಡರ್, ಎಂಟು ಪಟ್ಟು ನಿಧಾನ ಮಾಡಿದ್ದು.

ಆ ಮಧ್ಯಾಹ್ನ ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಹೆಡ್‌ಫೋನ್ ಹಾಕಿಕೊಂಡು ಆ ಎಂಜಿನ್ನನ್ನೇ ತಿದ್ದುತ್ತಿದ್ದೆ. ನೀರು ಕುಡಿಯಲು ಎದ್ದಾಗ, ಬಚ್ಚಲ ಬಾಗಿಲಲ್ಲಿ ಅಪ್ಪ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಿಂದ ಅಪ್ಪ ಮನೆಗೆ ಬಂದ ದಿನ ಪೆನ್ನಾಗರಂನಿಂದ ಅತ್ತೆ, ಅಪ್ಪನ ಅಕ್ಕ, ಬಂದರು. ಹಿಂದಿನ ಸಲ ಅವರಿಗೆ ಹೆಮ್ಮೆಯಿಂದ ನನ್ನ ಸಂಗೀತ ಕೇಳಿಸಿದ್ದೆ. ಅರ್ಧಕ್ಕೇ ಎದ್ದು ಹೋಗಿದ್ದರು.

“ಮನೇಲಿ ಪೇಯ್ ಪಿಶಾಚಿ ಕೂಗ್ಸಿದ್ರೆ ಇನ್ನೇನಾಯ್ತದೆ ಲೇ? ಅದೇ ನನ್ ತಮ್ಮುನ್ನ ತಳ್ಳೈತೆ,” ಎನ್ನುತ್ತ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. “ಇದ್ನ ಕೈಲಿ ಅಣಚಿ ಸತ್ಯ ಮಾಡು, ಇನ್ಮೇಲೆ ಆ ಪಾಟು ಮುಟ್ಟಕಿಲ್ಲ ಅಂತ.”

ಉರಿಯುವ ಕರ್ಪೂರವನ್ನು ಅಂಗೈಯಿಂದ ನಂದಿಸಿ ಇಟ್ಟ ಆಣೆಯನ್ನು ನಮ್ಮ ಕಡೆ ಯಾರೂ ಮುರಿಯುವುದಿಲ್ಲ. ದೇವರ ಬಗ್ಗೆ ಅನುಮಾನವಿರುವ ನಾನೂ ಮುರಿಯಲಾರೆ. ಆದರೂ ಕೈ ಚಾಚಿಬಿಟ್ಟೆ. ಬಿಸಿ ತಾಕಿತು.

ಮಂಚದಿಂದ ಅಪ್ಪ ಅಂದರು: “ಬುಡಕ್ಕ, ಅದು ನಮ್ ಗ್ರೈಂಡರ್ ಸದ್ದು. ಇಟ್ಟು ರುಬ್ಬೋ ಕಲ್ಗೆ ಯಾವ ಪೇಯ್ ಬತ್ತದೆ? ಮೂರ್ ಸಾರಿ ಕೂಗ್ದೆ, ಪಾಪಂಗೆ ಕೇಳ್ಸಿಲ್ಲ. ಅಷ್ಟೇಯ.”

ಮೂರು ಸಾರಿ. ಅಪ್ಪ ಅದನ್ನು ದೂರಾಗಿ ಹೇಳಲಿಲ್ಲ. ಆದರೆ ನನ್ನ ತಪ್ಪಿನ ಅಳತೆ ನನಗೆ ಸಿಕ್ಕಿತು. ತಪ್ಪು ನನ್ನ ಮುಚ್ಚಿದ ಕಿವಿಯದು. ಮಾಡದ ತಪ್ಪಿಗೆ ಆಣೆ ಇಟ್ಟರೆ ಮಾಡಿದ ತಪ್ಪು ನುಣುಚಿಕೊಳ್ಳುತ್ತದೆ. ಕೈ ಹಿಂದಕ್ಕೆ ತೆಗೆದುಕೊಂಡೆ.

“ಆಣೆ ಇಕ್ಕಕಿಲ್ಲ ಅತ್ತೆ.”

“ತಿಮಿರು ನೋಡು ಇವಳ್ಗೆ!”

ಕರ್ಪೂರ ತಾನಾಗಿ ಉರಿದು ಮುಗಿಯಿತು.

ಈಗ ಅಪ್ಪ ಕೋಲು ಹಿಡಿದು ನಡೆಯುತ್ತಾರೆ. ನಾನು ಹೆಡ್‌ಫೋನ್ ಮುಟ್ಟುವುದಿಲ್ಲ. ಸ್ಪೀಕರಿನಲ್ಲೇ, ಬಾಗಿಲು ತೆರೆದಿಟ್ಟು ಕೆಲಸ ಮಾಡುತ್ತೇನೆ. ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ. ಎರಡು ನಿಮಿಷಕ್ಕೊಮ್ಮೆ ಎಲ್ಲ ಸದ್ದು ನಿಲ್ಲಿಸಿ, ಅಪ್ಪ ಕೂಗಿದರೇನೋ ಎಂದು ಕಿವಿಗೊಡುತ್ತೇನೆ. ಆ ನಿಲುಗಡೆಗಳು ಈಗ ಸಂಗೀತದೊಳಗೇ ಸೇರಿವೆ. ಕೇಳಿದವರು ಅಲ್ಲೇ ಹೆಚ್ಚು ಭಯವಾಗುತ್ತದೆ ಎನ್ನುತ್ತಾರೆ. ನನಗೂ ಅಲ್ಲೇ. ಅವನ್ನು ಅಳಿಸುವುದಿಲ್ಲ.