ಆಯುಧ ಪೂಜೆಗೆ ಮಿಂದ ಗಿಟಾರು

ಬೈರಕೂರಿನ ನಮ್ಮ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಕಡೆ ಹಸುಗಳು, ಇನ್ನೊಂದು ಕಡೆ ಮೇವು ಕತ್ತರಿಸುವ ಯಂತ್ರ. ಆ ಯಂತ್ರಕ್ಕೂ ಗೋಡೆಗೂ ನಡುವೆ ಉಳಿದ ಜಾಗದಲ್ಲಿ ನಮ್ಮ ಯಜಮಾನರು ಗಿಟಾರು ಮಾಡಲು ಕೂತಿದ್ದರು. ಅಲ್ಲೇ ಯಾಕೆ ಕೂತರೆಂದು ನಾನು ಕೇಳಲಿಲ್ಲ. ಆ ಯಂತ್ರ ಅವರ ಎಡಗೈಯನ್ನು ಎಳೆದುಕೊಂಡ ದಿನ ನಾನು ಪಕ್ಕದಲ್ಲೇ ಜೋಳದ ಕಡ್ಡಿಯ ಹೊರೆ ಬಿಚ್ಚುತ್ತಿದ್ದೆ. ಮೊದಲು ಯಂತ್ರದ ಸದ್ದು ಬದಲಾಯಿತು. ಆಮೇಲೆ ಅವರು, ಕೂಗಲೂ ಇಲ್ಲ, ಮಾಮೂಲಿ ದನಿಯಲ್ಲೇ "ಸ್ವಿಚ್ಚು" ಎಂದರು. ನಾನು ಆರಿಸಿದೆ. ಈಗಲೂ ಎಲ್ಲಾದರೂ ಮೋಟಾರಿನ ಸದ್ದು ಸ್ವಲ್ಪ ಬದಲಾದರೆ ನನ್ನ ಕೈ ಗೋಡೆ ಹುಡುಕುತ್ತದೆ.

ನಡುಬೆರಳಿನ ತುದಿ ಹೋಯಿತು. ಉಂಗುರದ ಬೆರಳು ಉಳಿಯಿತು, ಆದರೆ ಪೂರ್ತಿ ಮಡಚುತ್ತಿರಲಿಲ್ಲ. ಹಾಲು ಕರೆಯುವುದು, ಟ್ರಾಕ್ಟರು ಓಡಿಸುವುದು, ಟೊಮೇಟೊ ಗಿಡ ಕಟ್ಟುವುದು ಎಲ್ಲ ಕೆಲವು ತಿಂಗಳಲ್ಲಿ ಸರಿಹೋಯಿತು. ಸರಿಹೋಗದೆ ಉಳಿದದ್ದು ಗಿಟಾರು. ಕೋಲಾರದಲ್ಲಿ ಕಾಲೇಜು ಓದುವಾಗ ಅವರು ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು. ನಮ್ಮ ಮದುವೆಯಾದ ಮೇಲೂ ಸಂಜೆ ಜಗಲಿಯಲ್ಲಿ ಕೂತು ನುಡಿಸುತ್ತಿದ್ದರು. ಈಗ ಹಳೆಯ ಗಿಟಾರಿನ ದಪ್ಪ ಕುತ್ತಿಗೆಯನ್ನು ಆ ಕೈ ಸುತ್ತುತ್ತಿರಲಿಲ್ಲ. ತಂತಿಗಳು ಕುತ್ತಿಗೆಯ ಮರದಿಂದ ಎತ್ತರದಲ್ಲಿದ್ದವು, ಒತ್ತಲು ಬಲ ಸಾಲುತ್ತಿರಲಿಲ್ಲ.

"ಈ ಕೈಗೆ ಆಗೋದು ಅಂಗಡೀಲಿ ಸಿಗಲ್ಲ. ನಾನೇ ಮಾಡ್ಕೋತೀನಿ," ಎಂದರು ಒಂದು ದಿನ.

ಹೊಲದ ಬದುವಿನಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ಮರವನ್ನು ಮುಳಬಾಗಿಲಿನ ಸಾ ಮಿಲ್ಲಿಗೆ ಒಯ್ದು ತೆಳು ಹಲಗೆ ಸೀಳಿಸಿ ತಂದರು. ಅದು ಮುಖಕ್ಕೆ. ಹಿಂಬದಿಗೆ, ಪಕ್ಕಗಳಿಗೆ ನಮ್ಮದೇ ತೋಪಿನ ಮಾವು. ಕುತ್ತಿಗೆಗೆ ಹಲಸು. ಪಕ್ಕದ ಪಟ್ಟಿಗಳನ್ನು ಬಗ್ಗಿಸಬೇಕಲ್ಲ, ಅದಕ್ಕೆ ಹಳೆಯ ಬೋರಿನ ಕಬ್ಬಿಣದ ಪೈಪಿನ ತುಂಡನ್ನು ಕಲ್ಲುಗಳ ಮಧ್ಯೆ ಅಡ್ಡ ಇಟ್ಟು, ಒಳಗೆ ಕೆಂಡ ತುಂಬಿಸಿದರು. ಒದ್ದೆ ಪಟ್ಟಿಯನ್ನು ಬಿಸಿ ಪೈಪಿಗೆ ಒತ್ತಿ ಹಿಡಿದರೆ ಚುಂಯ್ ಎಂದು ಹಬೆ ಏಳುತ್ತಿತ್ತು, ಮರ ನಿಧಾನವಾಗಿ ಮಣಿಯುತ್ತಿತ್ತು. ನಾನು ಒಂದು ತುದಿ ಹಿಡಿಯುತ್ತಿದ್ದೆ. ಮೊದಲನೆಯ ಪಟ್ಟಿ ಫಟ್ಟೆಂದು ಮುರಿಯಿತು. ಬಿಸಿ ಮಾವಿನ ಮರದ ಆ ವಾಸನೆ, ಅದರ ಜೊತೆ ಹಸುಗಳ ಉಸಿರಿನ ವಾಸನೆ, ಇವತ್ತಿಗೂ ನನಗೆ ಆ ವರ್ಷವೆಂದರೆ ಅದೇ.

ನಮ್ಮ ಅತ್ತೆಗೆ ತೆಲುಗು ಬಾಯಿಗೆ ಮೊದಲು ಬರುತ್ತಿತ್ತು. ಬಾಗಿಲಲ್ಲಿ ನಿಂತು, "ಏಮಿರಾ ಇದಿ? ಇಷ್ಟು ಮರದಲ್ಲಿ ಒಂದು ಮಂಚ ಆಗ್ತಿತ್ತಲ್ಲೋ. ಹೊಟ್ಟೆ ಟೊಳ್ಳು ಮಾಡಿ ಇಟ್ಟವನೆ," ಎನ್ನುತ್ತಿದ್ದರು.

"ಟೊಳ್ಳಾಗಿದ್ರೇನೇ ಅಮ್ಮ ಸದ್ದು ಬರೋದು."

"ಅಂಗಾದ್ರೆ ನಿನ್ನ ತಲೇಗೇ ತಂತಿ ಕಟ್ಕೊಳೋ."

ದಸರೆಗೆ ಇನ್ನೂ ಹತ್ತು ಹದಿನೈದು ದಿನವಿರುವಾಗ ಪಾಲಿಶ್ ಹಾಕುವ ಮೊದಲೇ ಅವರು ತಂತಿ ಕಟ್ಟಿ ನೋಡಿದರು. ನಾನು ಹಸುವಿನ ಪಕ್ಕ ಕೂತಿದ್ದೆ, ಅವರು ನನ್ನನ್ನು ಗಮನಿಸಲಿಲ್ಲ. ತೋರುಬೆರಳು ಇಟ್ಟರು. ತುದಿಯಿಲ್ಲದ ನಡುಬೆರಳು ಇಟ್ಟರು. ಉಂಗುರದ ಬೆರಳನ್ನು ಬಲಗೈಯಿಂದ ಹಿಡಿದು ತಂತಿಯ ಮೇಲೆ ಇರಿಸಿದರು. ಮೀಟಿದಾಗ ಆ ಒಂದು ತಂತಿ ಮಾತ್ರ ಗೊರಗೊರ ಎಂದಿತು. ಮತ್ತೆ ಮೀಟಿದರು, ಮತ್ತೂ ಅಷ್ಟೆ. ಎಲ್ಲ ತಂತಿ ಸಡಿಲಿಸಿ, ಬಿಚ್ಚಿ, ಸುರುಳಿ ಸುತ್ತಿ ಎಣ್ಣೆ ಡಬ್ಬಿಯಲ್ಲಿ ಹಾಕಿದರು. ಅತ್ತೆ ಕೇಳಿದಾಗ, "ಪಾಲಿಶ್ ಆಗ್ಬೇಕು," ಎಂದಷ್ಟೇ ಹೇಳಿದರು. ಆಮೇಲೆ ಅದರ ಹತ್ತಿರ ಹೋಗಲಿಲ್ಲ.

ಆಯುಧ ಪೂಜೆಯ ಬೆಳಿಗ್ಗೆ ಅವರು ಹೂವು ತರಲು ಮುಳಬಾಗಿಲಿಗೆ ಹೋಗಿದ್ದರು. ಅತ್ತೆ ಪದ್ಧತಿಯಂತೆ ಮನೆಯಲ್ಲಿ ದುಡಿಯುವ ಸಾಮಾನನ್ನೆಲ್ಲ ತೊಳೆದರು. ಗುದ್ದಲಿ, ಕುಡುಗೋಲು, ಔಷಧಿ ಹೊಡೆಯುವ ಡಬ್ಬ. ಮೇವಿನ ಯಂತ್ರವನ್ನೂ ತೊಳೆದು ಕುಂಕುಮ ಇಟ್ಟರು. ನನ್ನಿಂದ ಅದನ್ನು ಮುಟ್ಟಲಾಗದೆಂದು ಅವರಿಗೆ ಗೊತ್ತಿತ್ತು, ಕರೆಯಲಿಲ್ಲ. ನಾನು ಒಳಗೆ ಅಡಿಗೆ ಮುಗಿಸಿ ಹೊರಗೆ ಬಂದಾಗ ಗಿಟಾರು ಕಲ್ಲಿನ ತೊಟ್ಟಿಯಿಂದ ಮೇಲೆ ಬರುತ್ತಿತ್ತು. ಹೊಟ್ಟೆಯ ತೂತಿನಿಂದ ಅರಿಸಿನದ ನೀರು ಧಾರೆಯಾಗಿ ಸುರಿಯಿತು.

"ಅತ್ತೆ!" ಎಂದೆ.

"ಅವನ ಕೈ ಇದರ ಮೇಲೇ ಅಲ್ವೇನೇ ಇರೋದು? ಎಲ್ಲಕ್ಕೂ ಪೂಜೆ ಮಾಡಿ ಇದನ್ನ ಬಿಟ್ರೆ ಒಳ್ಳೇದಾಗ್ತದಾ?" ಎಂದು ಅದನ್ನು ಬಿಸಿಲಿಗೆ ಒರಗಿಸಿ ವಿಭೂತಿ ಬಳಿದರು.

ಯಜಮಾನರು ಬರುವ ಹೊತ್ತಿಗೆ ಅಂಟು ಮೆತ್ತಗಾಗಿ ಹಿಂಬದಿಯ ಹಲಗೆ ಅಂಚಿನಲ್ಲಿ ಬಾಯಿ ಬಿಟ್ಟಿತ್ತು. ಎತ್ತಿಕೊಂಡರು. ಕುತ್ತಿಗೆ ಅವರ ಕೈಯಲ್ಲಿ ಉಳಿಯಿತು, ಹೊಟ್ಟೆ ಕೆಳಗೆ ಜೋತಾಡಿ ಕಳಚಿತು. ನಾನು ಅವರ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು.

"ಟ್ರಾಕ್ಟರ್ ತೊಳೆದ್ರೆ ಏನೂ ಆಗಲ್ಲ ನಾಯ್ನಾ, ಇದು ಹಿಂಗೆ ಅಂತ ನನಗೇನ್ ಗೊತ್ತು..."

ಯಜಮಾನರು ಕುತ್ತಿಗೆಯೊಂದನ್ನೇ ಎಡಗೈಯಲ್ಲಿ ಹಿಡಿದು, ಅದರ ಮೇಲೆ ಕೈಯನ್ನು ಹಿಂದೆ ಮುಂದೆ ಜಾರಿಸಿದರು. ಹೊಟ್ಟೆಗೆ ಅಂಟಿಸಿದ ಮೇಲೆ ಅದನ್ನು ಹಾಗೆ ಬರಿದಾಗಿ ಹಿಡಿದಿರಲೇ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಲೇ, ಆ ಅರ ತಗೊಂಬಾ, ಒಂಚೂರು ಉಜ್ಜಬೇಕು," ಎಂದರು.

"ಥೂ, ಇವತ್ತು ಆಯುಧ ಮುಟ್ಟಬಾರ್ದು ಕಣೋ! ಪೂಜೆಗೆ ಕೂತವೆ," ಎಂದು ಅತ್ತೆ ಅಡ್ಡ ಬಂದರು. ಅಷ್ಟು ಅನಾಹುತ ಮಾಡಿ ಮುಗಿಸಿದ ಮೇಲೂ ಆ ವಿಷಯದಲ್ಲಿ ಬಗ್ಗಲಿಲ್ಲ.

ಹಾಗಾಗಿ ಆ ದಿನವಿಡೀ ಅವರು ಕುತ್ತಿಗೆ ಹಿಡಿದುಕೊಂಡೇ ಜಗಲಿಯಲ್ಲಿ ಕೂತರು. ಸಂಜೆ ಎದ್ದು ಪೂಜೆಯ ತಟ್ಟೆಯಿಂದ ಕುಂಕುಮ ತೆಗೆದು ಎಡ ಅಂಗೈಗೆ, ಹೆಬ್ಬೆರಳಿಗೆ ಬಳಿದುಕೊಂಡು, ತಂತಿ ಒತ್ತುವ ಹಾಗೆ ಬಿಗಿಯಾಗಿ ಹಿಡಿದು ಬಿಟ್ಟರು. ಹಲಸಿನ ಮರದ ಮೇಲೆ ಅಲ್ಲಲ್ಲಿ ಕೆಂಪು ಮೂಡಿತು. "ಇಲ್ಲೆಲ್ಲಾ ತಡೀತಿದೆ, ನೋಡು," ಎಂದು ನನಗೆ ತೋರಿಸಿದರು.

ಮಾರನೆಯ ದಿನದಿಂದ ಕೆಂಪು ಕಂಡಲ್ಲಿ ಉಜ್ಜುವುದು, ಮತ್ತೆ ಕುಂಕುಮ ಬಳಿದು ಹಿಡಿಯುವುದು, ಮತ್ತೆ ಉಜ್ಜುವುದು. ಅತ್ತೆ ದಿನಾ ಕುಂಕುಮದ ಬಟ್ಟಲನ್ನು ತಾವೇ ತಂದಿಟ್ಟು ಹೋಗುತ್ತಿದ್ದರು. ಹಿಂಬದಿ ಚೆನ್ನಾಗಿ ಒಣಗಿದ ಮೇಲೆ ಮತ್ತೆ ಅಂಟಿಸಿದರು. ಕುತ್ತಿಗೆಯನ್ನು ತಂತಿಗಳು ಇನ್ನಷ್ಟು ತಗ್ಗಿನಲ್ಲಿ ಬರುವಂತೆ ಕೂರಿಸಿದರು.

ಈಗ ಅತ್ತೆ ಇಲ್ಲ. ಆಯುಧ ಪೂಜೆಯ ದಿನ ಮೇವಿನ ಯಂತ್ರಕ್ಕೆ ಕುಂಕುಮ ಇಡುವುದು ನಾನೇ, ಸ್ವಿಚ್ಚು ಆರಿದೆಯೆಂದು ಎರಡು ಸಲ ನೋಡಿಕೊಂಡು ಇಡುತ್ತೇನೆ. ಗಿಟಾರನ್ನು ಒಣ ಬಟ್ಟೆಯಿಂದ ಒರೆಸುತ್ತೇನೆ. ಅದರ ತೂತಿನೊಳಗೆ ಇಣುಕಿದರೆ ಅರಿಸಿನದ ನೀರು ನಿಂತ ಗೆರೆ ಕಾಣುತ್ತದೆ.

ಅಂದು ಕುತ್ತಿಗೆ ಮತ್ತೆ ಕೂರಿಸಿ ಎರಡನೆಯ ಸಲ ತಂತಿ ಕಟ್ಟಿದ ದಿನ ನಾನು ಹಾಲು ಕರೆಯುತ್ತಿದ್ದೆ. ಅವರು ಬೆನ್ನು ತಿರುಗಿಸಿ ಕೂತಿದ್ದರು. ಈ ಸಲ ಉಂಗುರದ ಬೆರಳಿಗೆ ಬಲಗೈಯ ಸಹಾಯ ಬೇಕಾಗಲಿಲ್ಲ, ಅದು ತಾನೇ ನಿಧಾನಕ್ಕೆ ಹೋಗಿ ಕೂತಿತು. ಮೀಟಿದರು. ನಾನು ಕರೆಯುವುದನ್ನು ನಿಲ್ಲಿಸಿದೆ.

"ಆ ತಂತಿ ಕೇಳಿಸ್ತಾ?" ಎಂದರು, ತಿರುಗದೆ.

"ಕೇಳಿಸ್ತು ರೀ."

"ಗೊರಗೊರ ಅಂತಿದೆಯಾ?"

"ಇಲ್ಲ," ಎಂದೆ. "ಇನ್ನೊಂದ್ಸಲ ಹೊಡೀರಿ."