ಗಂಟಕ್ಕನ ಕೈ

ಗಂಟಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ನೂಲಿನ ಗಿರಣಿಯಲ್ಲಿ ಆ ಹೆಸರು ಹಿಡಿದು ಕರೆದವರನ್ನು ಮಾತ್ರ ನಾನು ಕಾಣೆ. ಕಂಡಿಕೆಗೆ ನೂಲು ಸುತ್ತುವ ಯಂತ್ರದ ಮುಂದೆ ನಮ್ಮಿಬ್ಬರದು ಅಕ್ಕಪಕ್ಕದ ಜಾಗ. ಎಳೆ ಕಡಿದರೆ ಎರಡೂ ತುದಿ ಹಿಡಿದು ಗಂಟು ಹಾಕಬೇಕು, ಉಳಿದ ಬಾಲವನ್ನು ಬೆರಳಿಗೆ ಕಟ್ಟಿಕೊಂಡ ಪುಟ್ಟ ಬ್ಲೇಡಿಗೆ ಹೆಬ್ಬೆರಳಿನಿಂದ ಒತ್ತಿ ಕತ್ತರಿಸಬೇಕು, ಇಷ್ಟೇ ಕೆಲಸ. ನಾವು ಹಾಕಿದ ಗಂಟು ಗಂಟಿನ ಹಾಗೆ ಇರುತ್ತಿತ್ತು. ಅವಳದು ಸಾಸಿವೆ ಕಾಳಿಗಿಂತ ಸಣ್ಣದು, ಮೇಸ್ತ್ರಿ ಉಗುರಿನಲ್ಲಿ ಸವರಿದರೂ ಸಿಗದು. ಅದನ್ನೂ ನೋಡಿ ಹಾಕುತ್ತಿದ್ದಳೇ? ನನ್ನ ಕಡೆ ತಿರುಗಿ ಯಾರದೋ ಸಂಸಾರದ ಸುದ್ದಿ ಹೇಳುತ್ತಿದ್ದಳು, ಕೈ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಆ ಯಂತ್ರಗಳ ಸದ್ದಿಗೆ ಇಬ್ಬರ ಕಿವಿಯೂ ಅರ್ಧ ಹೋಯಿತು. ಈಗಲೂ ನಾವು ಗುಟ್ಟು ಮಾತಾಡಿದರೆ ಬೀದಿಯ ಕೊನೆಯವರೆಗೂ ಕೇಳುತ್ತದೆ.

ಗಿರಣಿ ಬಿಟ್ಟ ಮೇಲೂ ನನಗೆ ಅವಳು ತಪ್ಪಲಿಲ್ಲ. ನಮ್ಮೆರಡು ಮನೆಗೂ ಒಂದೇ ಗೋಡೆ. ಅವಳ ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಬೆಳಗಾಗುತ್ತಲೇ ಹೋದರೆ ಸಂಜೆಯ ಹೊತ್ತಿಗೆ, ಬಿಸಿನೀರಿಗೆ ಸುಕ್ಕಾದ ಕೈ ಹೊತ್ತು ಬರುತ್ತಿದ್ದಳು. ಅಳಿಯನೆಂಬ ಪುಣ್ಯಾತ್ಮ ಮಗು ಹೊಟ್ಟೆಯಲ್ಲಿರುವಾಗಲೇ ಕಾಲಿಗೆ ಬುದ್ಧಿ ಹೇಳಿದ್ದ. ಅವನು ಬಿಟ್ಟುಹೋದ ಆಸ್ತಿ ಎಂದರೆ ಮಗುವಿನ ತಲೆಯ ಮೇಲಿನ ಗುಂಗುರು ಕೂದಲು. ಹಾಗಾಗಿ ಆ ಹುಡುಗಿಗೆ ಎಲ್ಲರ ಬಾಯಲ್ಲೂ ಗುಂಗುರಿ ಎಂದೇ ಹೆಸರಾಯಿತು.

ಮಾತು ಆಗಷ್ಟೇ ಬರುತ್ತಿದ್ದ ಮಗು. ಕೂದಲು ಮಾತ್ರ ದೊಡ್ಡವರ ಮೂರು ತಲೆಗಾಗುವಷ್ಟು. ಬಿಸ್ಕತ್ತಿನ ಚೂರು, ಚಾಪೆಯ ಕಡ್ಡಿ, ಅಂಟಿನ ಕಾಗದ, ಏನು ಹೊಕ್ಕರೂ ಹೊರಗೆ ಬರುವ ದಾರಿಯಿಲ್ಲ. ಮಗಳಿಗೆ ಬೆಳಿಗ್ಗೆ ಕೆಲಸದ ಅವಸರ. ಒಣಗೂದಲಿಗೆ ಬುಡದಿಂದಲೇ ಬಾಚಣಿಗೆ ಹಾಕಿ ಎಳೆಯುತ್ತಿದ್ದಳು. ಬಾಚಣಿಗೆ ಕಂಡರೆ ಮಗು ಮಂಚದ ಕೆಳಗೆ. ಅಲ್ಲಿಂದ ಕಾಲು ಹಿಡಿದು ಎಳೆಯುವುದು, ಅದು ಗೋಡೆ ಬಿರಿಯುವ ಹಾಗೆ ಅರಚುವುದು. ಬೋಳಿಸಿ ಕೈತೊಳೆದುಕೊಳ್ಳಿ ಎಂದು ನಾನೇ ಗದರಿಸಿದೆ. ಗಂಟಕ್ಕ ಕೆರಳಿದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದಳು. ಕೊಯ್ಯುವುದು ಮೂಗಲ್ಲ, ಕೂದಲು, ಬೆಳೆಯುತ್ತದೆ ಎಂದರೆ ಕೇಳಬೇಕಲ್ಲ. ಅಂದಿನಿಂದ ಆ ತಲೆಯ ಉಸ್ತುವಾರಿ ಅವಳದಾಯಿತು.

ಕೆಲಸ ಚೆಂದ ಮಾಡುತ್ತಿದ್ದಳು, ಅದನ್ನು ಒಪ್ಪಲೇಬೇಕು. ಕೂದಲು ಒದ್ದೆ ಮಾಡಿ, ಬೆರಳಿಗೆ ಎಣ್ಣೆ ಸವರಿಕೊಂಡು, ಮಗುವನ್ನು ಕಿಟಕಿಯ ಕಡೆ ಮುಖಮಾಡಿ ತೊಡೆಯ ಮೇಲೆ ಕೂರಿಸಿಕೊಳ್ಳುವಳು. ಸಿಕ್ಕಿನ ಮೇಲ್ಭಾಗವನ್ನು ಒಂದು ಕೈಯಲ್ಲಿ ಬಿಗಿಹಿಡಿದರೆ ಎಳೆತ ಬುಡಕ್ಕೆ ತಾಗದು. ಇನ್ನೊಂದು ಕೈ ತುದಿಯಿಂದ ಮೇಲೆ ಮೇಲೆ ಬಿಡಿಸುತ್ತ ಬರುವುದು. ಅದಕ್ಕೊಂದು ಆಟವನ್ನೂ ಕಟ್ಟಿದ್ದಳು. ಕೂದಲಿನೊಳಗೆ ಕಳ್ಳ ಅಡಗಿದ್ದಾನೆ, ಹುಡುಕಬೇಕು. ಒಂದು ಸಿಕ್ಕು ಬಿಡಿಸಿದಾಗಲೆಲ್ಲ "ಯಾರು ಸಿಕ್ಕಿದ್ದು?" ಎಂದು ಕೇಳುವಳು. "ಕಳ್ಳ ಸಿಕ್ಕ" ಎಂದು ಗುಂಗುರಿ ಚಪ್ಪಾಳೆ ತಟ್ಟುವುದು. ಮಂಚದ ಕೆಳಗೆ ಅಡಗುತ್ತಿದ್ದ ಮಗು ಈಗ ತಾನೇ ಬಾಚಣಿಗೆ ಹಿಡಿದು ಅಜ್ಜಿಯನ್ನು ಹುಡುಕಿಕೊಂಡು ಬರತೊಡಗಿತು. ಗಿರಣಿಯಲ್ಲಿ ಅಷ್ಟು ವರ್ಷ ಗಂಟು ಹಾಕಿದವಳು ಬಿಡಿಸುವುದರಲ್ಲೂ ಗೆದ್ದಳೆಂದು ನನಗೂ ಸಂತೋಷವಾಯಿತು.

ಆಮೇಲೆ ಹೊಸ ಬಗೆಯ ಗಂಟುಗಳು ಕಾಣಿಸಿಕೊಂಡವು. ಕತ್ತಿನ ಹಿಂದೆ, ಕಿವಿಯ ಬಳಿ, ಹರಳಿನಂತೆ ಗಟ್ಟಿ. ಎಣ್ಣೆಗೂ ಬಗ್ಗವು, ನೀರಿಗೂ ಬಗ್ಗವು. ಮಗಳು ಸಂಜೆ ಬಂದು ಒಂದೊಂದನ್ನೇ ಕತ್ತರಿಸಿ ತೆಗೆಯಬೇಕಾಯಿತು. ಗಂಟಕ್ಕ ಮೊದಲು ದಿಂಬನ್ನು ಬೈದಳು, ಆಮೇಲೆ ಎದುರುಮನೆಯ ಮಕ್ಕಳನ್ನು. ಕೊನೆಗೆ ನನ್ನ ಮೇಲೂ ಕಣ್ಣು ಬಿತ್ತು, ನಾನು ಎತ್ತಿಕೊಂಡ ದಿನವೇ ಜಾಸ್ತಿ ಆಗುತ್ತದೆ ಎಂದಳು. ನನಗೆ ಉರಿದುಹೋಯಿತು. ಎರಡು ದಿನ ಆ ಕಡೆ ತಲೆಹಾಕಲಿಲ್ಲ.

ಅವರ ಜರಡಿ ನನ್ನ ಮನೆಯಲ್ಲಿ ಉಳಿದಿತ್ತು. ಕೊಟ್ಟು ಋಣ ಹರಿದುಕೊಳ್ಳೋಣವೆಂದು ಒಂದು ಮಧ್ಯಾಹ್ನ ಹೋದೆ. ಬಾಗಿಲು ತೆರೆದೇ ಇತ್ತು. ಮಗು ತೊಡೆಯ ಮೇಲೆ ನಿದ್ದೆಹೋಗಿತ್ತು. ಗಂಟಕ್ಕ ಕಣ್ಣು ತೆರೆದುಕೊಂಡೇ ಗೋಡೆ ನೋಡುತ್ತಿದ್ದಳು. ಬೆರಳುಗಳು ಮಾತ್ರ ಓಡುತ್ತಿದ್ದವು. ಎರಡು ಕೂದಲಿನ ತುದಿ ಹಿಡಿದವು, ಒಂದರ ಮೇಲೊಂದು ಸುತ್ತಿದವು, ಎಳೆದವು, ಆಮೇಲೆ ಹೆಬ್ಬೆರಳು ಗಿರಣಿಯ ಕಾಲದಲ್ಲಿ ಬ್ಲೇಡು ಇರುತ್ತಿದ್ದ ಜಾಗವನ್ನು ಉಜ್ಜಿತು. ಆ ಗಂಟು ನನಗೆ ಗೊತ್ತು, ನನ್ನ ಕೈಯೂ ಅದನ್ನೇ ಹಾಕಿದ್ದು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಕೂಗಿದೆ. ಅವಳು ತಿರುಗದೆ, ಗಿರಣಿಯ ದೊಡ್ಡ ದನಿಯಲ್ಲೇ ಹೇಳಿದಳು.

"ಇರು, ಇದೊಂದು ಕಂಡಿಕೆ ಮುಗೀಲಿ, ಬರ್ತೀನಿ."

ಭುಜ ಅಲುಗಿಸಿದ ಮೇಲೆ ಈ ಲೋಕಕ್ಕೆ ಬಂದಳು. ಹೇಳಿದರೆ ನಂಬಲಿಲ್ಲ, ಜಗಳಕ್ಕೆ ಬಂದಳು. ಆಮೇಲೆ ತನ್ನ ಬೆರಳ ಸಂದಿಯಲ್ಲಿದ್ದ ಕೂದಲನ್ನು ತಾನೇ ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಮಗಳಿಗೆ ಹೇಳಬೇಡವೆಂದು ನನ್ನ ಕೈ ಹಿಡಿದಳು. ತಿಳಿದರೆ ಅವಳು ಮಗುವನ್ನು ಆಸ್ಪತ್ರೆಯ ಪಕ್ಕದ ಶಿಶುಪಾಲನಾ ಮನೆಗೆ ಸೇರಿಸುತ್ತಾಳೆ. ಮಗು ಹೋದರೆ ಅವಳಿಗೆ ಉಳಿಯುವುದು ನಾಲ್ಕು ಗೋಡೆ ಮತ್ತು ಅರ್ಧ ಕಿವಿಯ ನಾನು. ಅಷ್ಟು ಹೆದರಿದ ಗಂಟಕ್ಕನನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಅಂದೇ ಸಂಜೆ ನನ್ನ ಎದುರೇ ಮಗಳು ಕತ್ತರಿ ಹಿಡಿದು ಕೂತಿದ್ದಳು, ಮಗು ಅಲುಗದಿರಲೆಂದು ಅಮ್ಮನ ಆಟವನ್ನೇ ಆಡಿದಳು. ಯಾರು ಸಿಕ್ಕಿದ್ದು ಎಂದು ಕೇಳಿದಳು.

"ಅಜ್ಜಿ ಸಿಕ್ಕಿದ್ಲು."

ಮಗಳು ನಕ್ಕಳು. ಗುಂಗುರಿ ತನ್ನ ಅಂಗಿಯ ದಾರದ ಎರಡು ತುದಿ ಹಿಡಿದು, ಸುತ್ತಿ, ಎಳೆದು, ಪುಟ್ಟ ಹೆಬ್ಬೆರಳನ್ನು ಬೆರಳಿಗೆ ಉಜ್ಜಿ ತೋರಿಸಿತು. ಮಗಳ ನಗು ಅಲ್ಲಿಗೇ ನಿಂತಿತು. ಅವಳು ನನ್ನ ಮುಖ ನೋಡಿದಳು, ನಾನು ಹೌದೆಂದು ತಲೆಯಾಡಿಸಿದೆ.

ಡಾಕ್ಟರು ನೋಡಿ, ಇದು ವಯಸ್ಸಾದ ಮೆದುಳಿನ ಕಾಯಿಲೆ, ಹೆಚ್ಚಾಗುತ್ತದೆಯೇ ಹೊರತು ಇಳಿಯುವುದಿಲ್ಲ ಎಂದರು. ಮನೆಗೆ ಬಂದ ಗಂಟಕ್ಕ ಕತ್ತರಿಯನ್ನು ತಾನೇ ತಂದು ಮಗಳ ಮುಂದಿಟ್ಟಳು.

"ಕೂದಲಿದ್ರೆ ತಾನೆ ಗಂಟು? ಪೂರ್ತಿ ತೆಗೆದುಬಿಡು. ಮಗೂನ ಮಾತ್ರ ಕಳಿಸ್ಬೇಡ."

ಮಗಳು ತೆಗೆದಳು. ಅಷ್ಟು ದಿನ ಬಿಡಿಸಿ ಕಾಪಾಡಿದ ಸುರುಳಿಗಳೆಲ್ಲ ನೆಲಕ್ಕೆ ಬಿದ್ದವು. ಗುಂಗುರಿ ತಲೆ ಸವರಿಕೊಂಡು ಕಳ್ಳ ಎಲ್ಲಿ ಹೋದ ಎಂದು ಕೇಳಿತು. ಮಗು ಅಜ್ಜಿಯ ಹತ್ತಿರವೇ ಉಳಿಯಿತು, ನಾನೂ ಬದುಕಿದೆಯಾ ಬಡಜೀವವೇ ಎಂದು ನಿಟ್ಟುಸಿರುಬಿಟ್ಟೆ.

ಕೂದಲಷ್ಟೇ ತೆಗೆದಿದ್ದೆವು, ಕೈ ಇದ್ದೇ ಇತ್ತಲ್ಲ. ಒಂದು ಮಧ್ಯಾಹ್ನ ಇಣುಕಿದಾಗ ಮಗು ತೊಡೆಯ ಮೇಲೆ ಮಲಗಿತ್ತು. ಮುಖ ಕೆಂಪೇರಿತ್ತು, ಉಸಿರು ಗೊರಗುಟ್ಟುತ್ತಿತ್ತು. ಅಂಗಿಯ ಕೊರಳ ದಾರದಲ್ಲಿ ಸಾಸಿವೆಯಂಥ ಗಂಟುಗಳು, ಒಂದರ ಬೆನ್ನಿಗೊಂದು. ಒಂದೊಂದು ಗಂಟಿಗೂ ದಾರ ಚಿಕ್ಕದಾಗುತ್ತ ಕತ್ತಿನ ಮಾಂಸದೊಳಗೆ ಹೂತಿತ್ತು. ಗಂಟಕ್ಕ ಗೋಡೆ ನೋಡುತ್ತ ಮುಂದಿನ ಗಂಟಿಗೆ ತುದಿ ಹುಡುಕುತ್ತಿದ್ದಳು. ನನ್ನ ಉಗುರಿಗೆ ಅದು ಬಿಚ್ಚಲಿಲ್ಲ. ಓಡಿಹೋಗಿ ಬ್ಲೇಡು ತಂದು ಕತ್ತರಿಸಿದೆ. ಮಗು ಕೆಮ್ಮಿತು, ಉಸಿರೆಳೆದುಕೊಂಡಿತು, ಅತ್ತಿತು.

ಅಳುವಿಗೆ ಗಂಟಕ್ಕನಿಗೆ ಎಚ್ಚರವಾಯಿತು. ನನ್ನ ಕೈಯ ಬ್ಲೇಡು ನೋಡಿದಳು, ಮಗುವಿನ ಕೊರಳ ಕೆಂಪು ಗೆರೆ ನೋಡಿದಳು. ಮಗಳು ಬರುವವರೆಗೂ ಎರಡೂ ಅಂಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದು, ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಮಗೂನ ಕರ್ಕೊಂಡು ಹೋಗಮ್ಮ. ನನ್ನ ಹತ್ರ ಬಿಡಬೇಡ."

ಈಗ ಗುಂಗುರಿ ಬೆಳಿಗ್ಗೆ ಅಮ್ಮನ ಜೊತೆಗೇ ಹೋಗುತ್ತದೆ. ನಾನು ಹಗಲೆಲ್ಲ ಗಂಟಕ್ಕನ ಬಳಿ ಕೂರುತ್ತೇನೆ. ಕೈಗೊಂದು ಕೆಲಸವಿರಲೆಂದು ನೂಲಿನ ಉಂಡೆ ಕೊಟ್ಟರೆ ಮುಟ್ಟುವುದಿಲ್ಲ. ಊಟದ ಹೊತ್ತಿಗೆ ಬಿಟ್ಟರೆ ಕೈಯನ್ನು ತೊಡೆಯಡಿಯಿಂದ ತೆಗೆಯುವುದಿಲ್ಲ.

ಕೂದಲು ಮತ್ತೆ ಬೆಳೆದಿದೆ, ಮೊದಲಿಗಿಂತ ಗುಂಗುರಾಗಿ. ನಿನ್ನೆ ಸಂಜೆ ಮಗು ಬಾಚಣಿಗೆ ಹಿಡಿದು ಬಂದು ಅಜ್ಜಿಯ ಮುಂದೆ ಬೆನ್ನು ತಿರುಗಿಸಿ ಕೂತಿತು, ಕಳ್ಳನನ್ನು ಹುಡುಕು ಎಂದಿತು. ಗಂಟಕ್ಕ ಆ ತಲೆಯನ್ನು ಬಹಳ ಹೊತ್ತು ನೋಡಿದಳು. ಬಗ್ಗಿ ಒಮ್ಮೆ ಮೂಸಿದಳು. ಕೈ ಹೊರಗೆ ಬರಲಿಲ್ಲ.

"ಅಮ್ಮನ ಹತ್ರ ಹೋಗು ಪುಟ್ಟಿ," ಎಂದಳು. "ಕಳ್ಳ ಸಿಕ್ಕಾಯ್ತು."