ಅತ್ತೆಯ ಲಿಂಗ ಕಳೆದಾಗ

ನನ್ನ ಮದುವೆಯ ಮಾತುಕತೆ ನಡೆದಾಗ ಅಪ್ಪನಿಗೆ ಹೊಲ, ಮನೆ, ಮಂದಿ ಎಲ್ಲ ಒಪ್ಪಿಗೆಯಾಗಿದ್ದವು. ಹುಡುಗನ ಬಗ್ಗೆ ಮಾತ್ರ ಯಾರೋ ಕಿವಿ ಊದಿದ್ದರು. ಹುಡುಗ ಒಳ್ಳೆಯವನೇ, ಆದರೆ ದೇವರನ್ನು ನಂಬುವುದಿಲ್ಲವಂತೆ. ಅಪ್ಪ ಮೂರು ದಿನ ಯೋಚನೆ ಮಾಡಿ ಅವ್ವನ ಮುಂದೆ ಆಡಿದ ಮಾತು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. "ಕುಡಿಯಾಂವ ಇದ್ರ ಬಿಡಸಬಹುದು. ದೇವರ ಹೆದರಿಕಿ ಇಲ್ಲದಾಂವ ನಾಳೆ ಯಾರ ಹೆದರಿಕಿಗೆ ನಮ್ಮ ಹುಡಗೀನ ಚಂದಂಗ ನೋಡ್ಕೋತಾನ?"

ಹೇಗೋ ಏನೋ, ಮದುವೆಯಾಯಿತು. ಮುರಗೋಡದ ಹತ್ತಿರದ ಈ ಹಳ್ಳಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಾನೋ, ಜಗಲಿಯ ದೇವರಿಗೆ ಕೈ ಮುಗಿಯದೆ ಚಹಾ ಮುಟ್ಟುವವಳಲ್ಲ. ನಮ್ಮ ಮನೆಯವರೋ, ಅತ್ತೆಯನ್ನೂ ನನ್ನನ್ನೂ ಸವದತ್ತಿ ಗುಡ್ಡಕ್ಕೆ ತಾವೇ ಕರೆದುಕೊಂಡು ಹೋಗಿ, ಗುಡಿಯ ಹೊರಗೆ ನೆರಳಿನಲ್ಲಿ ನಮ್ಮ ಚಪ್ಪಲಿ ಕಾಯುತ್ತ ಕೂರುವವರು. ಪ್ರಸಾದ ಕೊಟ್ಟರೆ ತಿನ್ನುತ್ತಾರೆ. ದೇವರಿಲ್ಲ ಅನ್ನುವ ಆ ಬಾಯಿ ಎಡೆಯ ಹೋಳಿಗೆಯನ್ನು ಬೇಡ ಎಂದದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಕಾಲೇಜಿನಲ್ಲಿದ್ದಾಗ ಅವರು ತಮ್ಮ ಕೊರಳಿನ ಲಿಂಗವನ್ನು ಬಿಚ್ಚಿ ಅತ್ತೆಯ ಕೈಯಲ್ಲಿ ಕೊಟ್ಟಿದ್ದರಂತೆ. ಅವರ ಗೆಳೆಯರೂ ನಂಬುತ್ತಿರಲಿಲ್ಲ, ಆದರೆ ಮನೆಗೆ ಬರುವಾಗ ಕಟ್ಟಿಕೊಂಡು, ಹೋಗುವಾಗ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದರು. ಇವರು ಮಾತ್ರ, "ಅವ್ವಾ, ನಂಗ ನಂಬಿಕಿ ಇಲ್ಲ. ಸುಮ್ನ ಕಟಗೊಂಡು ನಿನ್ನ ಮುಂದ ಸೋಗ ಹಾಕೂದಿಲ್ಲ" ಎಂದರಂತೆ. ಅತ್ತೆ ಎಂಟು ದಿನ ಅತ್ತು, ಒಂಬತ್ತನೆಯ ದಿನ ಮಗನಿಗೆ ಇಷ್ಟವೆಂದು ಮುಳಗಾಯಿ ಪಲ್ಯ ಮಾಡಿದರಂತೆ. ಈ ಕಥೆಯನ್ನು ಅತ್ತೆಯೇ ನನಗೆ ಹೇಳಿದ್ದು, ಅದೂ ನಗುತ್ತ.

ಹೋದ ವರ್ಷ ಕಡಲೆ ಒಕ್ಕಿದ ಮರುದಿನ ಕಳೆದದ್ದು ಅತ್ತೆಯ ಲಿಂಗ. ಕೂಸಾಗಿದ್ದಾಗ ಕಟ್ಟಿದ್ದು. ಎಪ್ಪತ್ತಾರು ವರ್ಷದ ಜೀವದ ಜೊತೆಗೇ ಇದ್ದದ್ದು. ಹಿಂದಿನ ದಿನ ಅಂಗಳದಲ್ಲಿ ಮಷಿನ್ ಹಾಕಿದಾಗ, ಎಲ್ಲರೂ ಬೇಡವೆಂದರೂ ಕೇಳದೆ, ಅವರೂ ಸೆರಗು ಕಟ್ಟಿ ಹೊಟ್ಟು ಎಳೆಯಲು ನಿಂತಿದ್ದರು. ರಾತ್ರಿ ದಣಿದು ಮಲಗಿದರು. ಬೆಳಿಗ್ಗೆ ಜಳಕ ಮಾಡಿ ಪೂಜೆಗೆ ಕೂತಾಗ ಕೊರಳು ಬರಿದಾಗಿತ್ತು. ದಾರ ಸವೆದು, ವಸ್ತ್ರದ ಗಂಟಿನ ಸಮೇತ ಎಲ್ಲೋ ಬಿದ್ದುಹೋಗಿತ್ತು.

ಅತ್ತೆ ಕೂಗಾಡಲಿಲ್ಲ. ಗೋಡೆಗೆ ಆತು ಕೂತು, "ಸಿಗೂ ತನಕಾ ನಂಗ ನೀರೂ ಬ್ಯಾಡ" ಎಂದರು. ನಮ್ಮಲ್ಲಿ ಹಿರಿಯರ ಪದ್ಧತಿಯೇ ಹಾಗೆ, ಲಿಂಗವಿಲ್ಲದೆ ತುತ್ತು ಇಳಿಸುವುದಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಬಿಪಿ. ಉಣ್ಣದೆ ಗುಳಿಗೆ ಕೊಡುವಂತಿಲ್ಲ, ಗುಳಿಗೆ ಇಲ್ಲದೆ ಇಡುವಂತಿಲ್ಲ. ಡಾಕ್ಟರು ಬಂದು ಸಲೈನ್ ಹಚ್ಚೋಣ ಎಂದರು. "ಅದೂ ನೀರ ಹೌದಲ್ರಿ" ಎಂದು ಅತ್ತೆ ಸೆರಗಿನೊಳಗೆ ಕೈ ಮುಚ್ಚಿಕೊಂಡರು.

ಸಂಜೆಗೆ ಊರಿನ ಅಯ್ಯನವರು ಬಂದು, ಕಳೆದರೆ ಹೊಸದು ಕಟ್ಟಲು ಬರುತ್ತದೆ, ಅದಕ್ಕೂ ದಾರಿಯಿದೆ ಎಂದು ತಿಳಿಸಿ ಹೇಳಿದರು. ಅತ್ತೆ ಒಪ್ಪಲಿಲ್ಲ. "ಕಳದಿಲ್ರಿ ಅಯ್ಯಾರ. ಇಲ್ಲೇ ಎಲ್ಲೋ ಬಿದ್ದೈತಿ. ಇರೂದ ಬಿಟ್ಟು ಹೊಸಾದ ಕಟಗೊಂಡ್ರ, ಜೀವಂತ ಇದ್ದಾಂವನ್ನ ಮಣ್ಣ ಮಾಡಿದಂಗ ಆಕ್ಕೈತಿ." ಓಣಿಯ ಹೆಂಗಸರು ಬೇರೆ ಒಬ್ಬೊಬ್ಬರೇ ಬಂದು "ಸಿಗತೈತಿ ಬಿಡಬೇ, ಶಿವಾ ಕೊಡತಾನ" ಎನ್ನುತ್ತಿದ್ದರು. ಅವರು ಹಾಗೆ ಅಂದಷ್ಟೂ ಅತ್ತೆಯ ಹಟ ಗಟ್ಟಿಯಾಗುತ್ತಿತ್ತು.

ನಮ್ಮ ಮನೆಯವರು ಆ ಮುಂಜಾನೆಯಿಂದಲೇ ಜರಡಿ ಹಿಡಿದಿದ್ದರು. ಅಂಗಳದ ಹೊಟ್ಟನ್ನೆಲ್ಲ ಒಂದು ಸಲ, ಮತ್ತೆ ಇನ್ನೊಂದು ಸಲ ಜರಡಿ ಆಡಿಸಿದರು. ಒಂದು ಟ್ರ್ಯಾಕ್ಟರ್ ಹೊಟ್ಟು ಹಿಂದಿನ ಸಂಜೆಯೇ ಚಚಡಿಯ ಬೀಗರ ಎತ್ತುಗಳಿಗೆ ಹೋಗಿತ್ತು. ಜರಡಿಯನ್ನು ಬೈಕಿಗೆ ಕಟ್ಟಿಕೊಂಡು ಅಲ್ಲಿಗೂ ಹೋದರು. ತಾವು ಬರೀ ಕಲ್ಲು ಅನ್ನುವ ವಸ್ತುವಿಗಾಗಿ ಪರರ ಎತ್ತಿನ ಗೋದಲಿಯಲ್ಲಿ ಕೈಯಾಡಿಸಿ, ಕತ್ತಲಾದ ಮೇಲೆ ಕೆಮ್ಮುತ್ತ ಬಂದರು. ಕಣ್ಣು ಕೆಂಡದಂತಾಗಿದ್ದವು. ಸಿಕ್ಕಿರಲಿಲ್ಲ.

ಆ ಹೊತ್ತಿಗೆ ರಾಮದುರ್ಗದಿಂದ ನಾದಿನಿಯ ಫೋನ್ ಬಂತು. ಅವಳೂ ನನ್ನ ಹಾಗೆಯೇ ಸೋಮವಾರದ ಪೂಜೆ ತಪ್ಪಿಸದವಳು. "ವೈನಿ, ಬೈಲಹೊಂಗಲದಾಗ ಅಂಥಾವ ಸಿಗತಾವ. ಒಂದ ತಂದು, ಹೊಟ್ಟಿನ್ಯಾಗ ಸಿಕ್ತು ಅಂತ ಕೊಡ್ರಿ. ಅವ್ವನ ಕಣ್ಣ ಎಲ್ಲಿ ಕಾಣತಾವ?" ನನಗೂ ಇದೇ ಸರಿ ಎನಿಸಿತು. ಗಂಡನಿಗೆ ಹೇಳಿದೆ. ಅವರು ತಲೆಯ ಹೊಟ್ಟು ಕೊಡವುತ್ತ, "ನೀ ಕೊಡತಿದ್ರ ನಾ ಅಡ್ಡ ಬರೂದಿಲ್ಲ. ಆದ್ರ ಅವ್ವ ನನ್ನ ಕೇಳಿದ್ರ ಇದ್ದದ್ದ ಹೇಳಾಂವ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಹಡದವ್ವನ ಜೀವಕ್ಕಿಂತ ನಿಮ್ಮ ಖರೇ ದೊಡ್ಡದೇನು? ನಿಮಗ ಅದು ಕಲ್ಲ ಅಲ್ಲೇನ್ರಿ? ಒಂದ ಕಲ್ಲ ಹೋಗಿ ಇನ್ನೊಂದ ಬಂದ್ರ ನಿಮ್ದೇನ ಗಂಟ ಹೋಗತೈತಿ?"

"ನಂಗ ಕಲ್ಲ, ಖರೆ" ಎಂದರು. "ಅವ್ವಗ ಅಲ್ಲಲ್ಲ."

ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಹೋದೆ. ತಂದ ಲಿಂಗ ಹೊಸದಾಗಿ ಮಿಂಚುತ್ತಿತ್ತು. ಬಚ್ಚಲಿನಲ್ಲಿ ಕೂತು ಎಣ್ಣೆ, ವಿಭೂತಿ, ಒಲೆಯ ಮಸಿ ಕಲಸಿ ತಿಕ್ಕಿ ತಿಕ್ಕಿ ಹಳೆಯದು ಮಾಡಿದೆ. ಬಾಯಲ್ಲಿ ಶಿವ ಶಿವ ಎನ್ನುತ್ತಲೇ ಮಾಡಿದೆ ಎಂಬುದನ್ನು ಈಗ ನೆನೆದರೆ ನಗು ಬರುತ್ತದೆ. ಹೇಳುವುದು ಆಚಾರ, ಮಾಡುವುದು ಅನಾಚಾರ ಎಂದು ಮಕ್ಕಳನ್ನು ಬೈಯುತ್ತಿದ್ದವಳು ನಾನೇ. ಆದರೆ ಆಗ ನಗು ಬಂದಿರಲಿಲ್ಲ. ಅತ್ತೆಯ ತುಟಿ ಒಣಗಿ ಒಡೆದಿದ್ದವು, ಮಾತು ತೊದಲುತ್ತಿತ್ತು. ಬಂದ ಹೊಸದರಲ್ಲಿ ನನಗೆ ತಲೆ ಹಿಕ್ಕಿ ಹೆರಳು ಹಾಕಿದ ಕೈ ಅದು. ಆ ಕೈ ತಣ್ಣಗಾಗುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

"ಸಿಕ್ತು ನೋಡ್ರಿ ಅತ್ತಿ, ಹೊಟ್ಟಿನ್ಯಾಗ ಇತ್ತು" ಎಂದು ಅವರ ಎಡಗೈಯಲ್ಲಿಟ್ಟೆ. ಅತ್ತೆ ಕಣ್ಣು ಮುಚ್ಚಿದರು. ಹೆಬ್ಬೆರಳು ಮೆಲ್ಲಗೆ ಅದರ ಸುತ್ತ ಆಡಿತು. ಹಿಂದೆ ಓಣಿಯ ಹೆಂಗಸರು ಆಗಲೇ ಕೈ ಮುಗಿಯುತ್ತಿದ್ದರು.

ಅತ್ತೆ ಕಣ್ಣು ತೆರೆದು, "ಅಂವನ್ನ ಕರಿ" ಎಂದರು.

ಅಂಗಳದಲ್ಲಿ ಮೂರನೆಯ ಸಲ ಜರಡಿ ಆಡಿಸುತ್ತಿದ್ದವರು ಹಾಗೆಯೇ ಬಂದು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತರು. ಅತ್ತೆ ಕೈ ಮುಂದೆ ಚಾಚಿದರು. "ತಮ್ಮಾ, ನೀ ಹೇಳು. ಇದು ನಂದೇನು?"

ಅವರು ನನ್ನ ಕಡೆ ನೋಡಲಿಲ್ಲ. "ಅಲ್ಲವ್ವಾ."

ಅತ್ತೆ ಮಗನ ಮುಖದಿಂದ ಕಣ್ಣು ತೆಗೆಯಲಿಲ್ಲ. "ನಂದು ಸಿಗತೈತೇನು?"

"ಸಿಗೂದಿಲ್ಲವ್ವಾ. ಇಲ್ಲಿ ಎಲ್ಲಾ ನೋಡೇನಿ, ಚಚಡ್ಯಾಗೂ ನೋಡೇನಿ. ಹೊಲದ ದಾರಿನೂ ಬಿಟ್ಟಿಲ್ಲ. ಅದು ಹೋತು."

ಒಂದೂವರೆ ದಿನದಲ್ಲಿ ಅತ್ತೆ ಮೊದಲ ಸಲ ಅತ್ತದ್ದು ಆಗ. ಹತ್ತಿರದವರು ತೀರಿಹೋದಾಗ ಅಳುವ ಹಾಗೆ ಅತ್ತರು. ದೇವರಿಲ್ಲ ಅನ್ನುವ ಮಗ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಅಳು ಮುಗಿಯುವವರೆಗೂ ಕೂತಿದ್ದರು. ಆಮೇಲೆ ಅತ್ತೆ ಮೂಗು ಒರೆಸಿಕೊಂಡು, "ಹಂಗಾರ ಅಯ್ಯಾರನ್ನ ಕರಕೊಂಡ ಬಾ" ಎಂದರು.

ಅವರೇ ಹೋಗಿ ಬೈಕಿನ ಮೇಲೆ ಕೂರಿಸಿಕೊಂಡು ಬಂದರು. ಅಯ್ಯನವರಿಗೆ ಅಚ್ಚರಿ. "ನಿನ್ನೆ ಅಷ್ಟ ಹೇಳಿದ್ರೂ ಒಲ್ಲೆ ಅಂದ್ರಿ. ಇವತ್ತ ಹೆಂಗ ಒಪ್ಪಿದ್ರೆವ್ವಾ?"

"ನನ್ನ ಮಗಾ ಸಿಗೂದಿಲ್ಲ ಅಂದಾನ್ರಿ."

ಅಯ್ಯನವರು ಚೇಷ್ಟೆಯ ಮನುಷ್ಯ. ಬಾಗಿಲಲ್ಲಿ ನಿಂತಿದ್ದ ಇವರ ಕಡೆ ಕಣ್ಣು ಹಾಯಿಸಿ, "ನಿಮ್ಮ ಮಗಾ ದೇವರೂ ಇಲ್ಲ ಅಂತಾನಲ್ರಿ" ಎಂದರು.

"ಹೌದ್ರಿ" ಎಂದರು ಅತ್ತೆ. "ಅದನ್ನೂ ನನ್ನ ಮಾರಿ ನೋಡೇ ಹೇಳ್ಯಾನ್ರಿ."

ಅಯ್ಯನವರು ಪೂಜೆಗೆ ಅಣಿಯಾದರು. ತಮ್ಮ ಚೀಲದಿಂದ ಒಂದು ಲಿಂಗ ತೆಗೆಯಲು ಹೋದಾಗ ಅತ್ತೆ ತಡೆದು, ನಾನು ತಂದದ್ದನ್ನೇ ಮುಂದಿಟ್ಟರು. "ಇದನ್ನ ಕಟ್ರಿ. ನನ್ನ ಸೊಸಿ ತಂದಾಳ." ನೀರು ಹಾಕಿ ತೊಳೆದಾಗ ನನ್ನ ಮಸಿಯೆಲ್ಲ ಕರಗಿ ತಟ್ಟೆಯಲ್ಲಿ ಕಪ್ಪಗೆ ನಿಂತಿತು. ನಾನು ತಲೆ ತಗ್ಗಿಸಿದೆ.

ಪೂಜೆ ಮುಗಿದು ಮೆತ್ತಗಿನ ಅನ್ನ ಕಲಸಿ ಇಟ್ಟಾಗ ಹೊತ್ತು ಇಳಿಯುತ್ತಿತ್ತು. ಮೊದಲ ತುತ್ತು ಬಾಯಿಗಿಡುವ ಮೊದಲು ಅತ್ತೆ ನನ್ನ ಕೈ ಹಿಡಿದರು. "ನನ್ನ ಜೀವಕ್ಕಂತ ಮಾಡಿದಿ, ಗೊತ್ತೈತಿ ಯವ್ವಾ. ಆದ್ರ ಅದನ್ನ ನಂಬಿ ನಾ ಉಂಡಿದ್ರ, ದಿನಾ ಮುಂಜಾನಿ ಯಾರ ಮುಂದ ಕಣ್ಣ ಮುಚ್ಚಿ ಕುಂದರತಿದ್ದೆ?"

ಅತ್ತೆ ಉಂಡರು, ಗುಳಿಗೆ ನುಂಗಿದರು. ಬಾಗಿಲಿನಿಂದ ನೋಡುತ್ತಿದ್ದ ನಮ್ಮ ಮನೆಯವರು ಒಳಗೆ ಬಂದು ನನ್ನ ಮುಂದೆ ತಾಟು ಹಿಡಿದು, "ನಂಗೂ ಹಾಕು" ಎಂದರು. ಎರಡು ದಿನದಿಂದ ಅವರೂ ಉಂಡಿಲ್ಲವೆಂಬುದು ನನಗೆ ಗೊತ್ತಾದದ್ದು ಆಗಲೇ.